ದನಿ ಸಹಜವಾಗಿದೆಯೇ

ಬೆರಳಿನ ಗೆಣ್ಣಿನಿಂದ ಡಬ್ಬದ ನೆತ್ತಿಗೆ ಎರಡು ಸಲ ತಟ್ಟಿ, ಕಿವಿಯನ್ನು ಹತ್ತಿರ ತಂದು, ಕಲ್ಲಂಗಡಿ ಕೊಳ್ಳುವವನ ಹಾಗೆ ಮುಖ ಮಾಡಿಕೊಂಡು ನಿಂತಿದ್ದ ದೇವೇಂದ್ರಪ್ಪನಿಗೆ, ಹೆಂಡತಿ ನೋಡುತ್ತಿದ್ದಾಳೇನೋ ಎಂದು ನಾಚಿಕೆಯಾಯಿತು. ನೋಡುತ್ತಿರಲಿಲ್ಲ. ಜಲಜಾ ಅಡುಗೆಮನೆಯ ಕಟ್ಟೆಯ ಮುಂದೆ ಈಚೆಗೆ ಬೆನ್ನು ಹಾಕಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಹತ್ತೂವರೆಯಾದರೂ ದ್ವಾರಕಾದ ಮಂಜು ಪೂರ್ತಿ ಕರಗಿರಲಿಲ್ಲ. ಎದುರಿನ ಸೊಸೈಟಿಯ ಮೇಲಿನ ಮೂರು ಅಂತಸ್ತುಗಳು ಇನ್ನೂ ಕಾಣಿಸುತ್ತಿರಲಿಲ್ಲ. ಮೊನ್ನೆ ಅವನು ಅದನ್ನು ಡಬ್ಬ ಎಂದು ಕರೆದದ್ದಕ್ಕೆ ಮಗಳು ಅನನ್ಯಾ ಮುಖ ಸಿಂಡರಿಸಿದ್ದಳು. ಡಬ್ಬವಲ್ಲವಂತೆ, ಟೇಬಲ್‌ಟಾಪ್ ಸ್ಪೀಕರಂತೆ. ತಂತಿ ಬೇಡ, ಮೊಬೈಲಿನಲ್ಲಿ ಹಾಡು ಒತ್ತಿದರೆ ಬ್ಲೂಟೂತಿನಲ್ಲಿ ಹಾಯ್ದು ಇಲ್ಲಿ ನುಡಿಯುತ್ತದೆ. ಇಂಥವನ್ನು ಹೊರದೇಶದಿಂದ ತರಿಸುವ ಗುಡಗಾಂವಿನ ಕಂಪನಿಯಲ್ಲಿ ಅವಳ ಕೆಲಸ. ಮಾರಾಟಕ್ಕೆ ಬಿಡುವ ಮುಂಚೆ ನಾಲ್ಕಾರು ಮನೆಗಳಲ್ಲಿ ಹತ್ತು ದಿನ ಇಟ್ಟು, ಮನೆಯವರು ಮನೆಯಲ್ಲಿ ಕೇಳುವ ಹಾಗೆ ಕೇಳಿ, ಒಂದು ಫಾರಂ ತುಂಬಿಕೊಡಬೇಕು. ಬೆಲೆ ಮಾತ್ರ ಕೇಳಬೇಡಿ ಪಪ್ಪಾ, ಕೇಳಿದರೆ ಅಮ್ಮ ಇದರ ಧೂಳು ಒರೆಸೋಕೂ ಹೆದರ್ತಾಳೆ ಎಂದು ನಕ್ಕಿದ್ದಳು. ಅವನು ಕೇಳಲಿಲ್ಲ. ಕೇಳದೆಯೇ ಕೈ ತೊಳೆದುಕೊಂಡು ಬಂದು ಮುಟ್ಟಿದ್ದ.

ಖುಷಿಯಾಗಿತ್ತು, ಸುಳ್ಳೇಕೆ. ಕೇಂದ್ರ ಸರ್ಕಾರದ ಒಂದು ಪರೀಕ್ಷಾಲಯದಲ್ಲಿ ಮೂವತ್ತನಾಲ್ಕು ವರ್ಷ ಧ್ವನಿವರ್ಧಕಗಳನ್ನೂ ಸೈರನ್ನುಗಳನ್ನೂ ಪಾಸು ಫೇಲು ಮಾಡಿ ನಿವೃತ್ತನಾದ ಮನುಷ್ಯ ಎರಡು ವರ್ಷದಿಂದ ಪಾಸು ಮಾಡಿದ್ದೆಂದರೆ ತರಕಾರಿ ಮಾತ್ರ. ಅದರಲ್ಲೂ ಮೇಲ್ಮನವಿ ಜಲಜಾಳ ಹತ್ತಿರ ಹೋಗುತ್ತಿತ್ತು. ಈಗ ಏಳು ದಿನದಿಂದ ಮನೆಯೇ ಪರೀಕ್ಷಾಲಯ. ಊಟದ ಮೇಜಿನ ನಡುವೆ ಇಟ್ಟು ಕೇಳಿದ, ಅಂಚಿನಲ್ಲಿ ಇಟ್ಟು ಕೇಳಿದ. ಷೋಕೇಸಿನೊಳಗೆ ಇಟ್ಟಾಗ ಗಾಜಿನ ಲೋಟಗಳು ಗುಂಯ್ಗುಟ್ಟಿದ್ದನ್ನು ಬರೆದುಕೊಂಡ. ಕುಕ್ಕರ್ ಕೂಗುವಾಗ ಕೊಳಲಿನ ಸಣ್ಣ ಸ್ವರ ಉಳಿಯುತ್ತದೋ ಇಲ್ಲವೋ ಎಂದು ನೋಡಲು ಇನ್ನೊಂದು ಸೀಟಿ ಬರಲಿ ಎಂದು ಜಲಜಾಳನ್ನು ಬೇಡಿ, ಬೇಳೆ ಪಾಯಸವಾಯಿತೆಂದು ಬೈಸಿಕೊಂಡ. ಮೊಬೈಲು ಜೇಬಿನಲ್ಲಿಟ್ಟುಕೊಂಡು ಬಚ್ಚಲುಮನೆಗೆ ಹೋದರೆ ಹಾಡು ತುಂಡು ತುಂಡಾಗುತ್ತದೆ, ಮಲಗುವ ಕೋಣೆಯಿಂದ ತುಂಡಾಗುವುದಿಲ್ಲ. ಅದನ್ನೂ ಹೆಜ್ಜೆಯ ಲೆಕ್ಕದಲ್ಲಿ ಬರೆದ. ಫಾರಂ ತರಲು ಮಗಳ ಜೊತೆ ಗುಡಗಾಂವಿಗೆ ಹೋದ ದಿನ ಅವನು ಅನುರಣನದ ಬಗ್ಗೆ ಎರಡು ಮಾತು ಶುರುಮಾಡುತ್ತಿದ್ದಂತೆ ಅಲ್ಲಿನ ತರುಣನೊಬ್ಬ, ಅಂಕಲ್, ಅದೆಲ್ಲ ನಮ್ಮ ಇಂಜಿನಿಯರ್ಸ್ ನೋಡ್ತಾರೆ, ನಿಮಗೆ ಇಷ್ಟ ಆಯ್ತಾ ಇಲ್ವಾ ಅಷ್ಟು ಸಾಕು ಎಂದು ಹಿಂದಿಯಲ್ಲಿ ಹೇಳಿ, ಬಿಸ್ಕತ್ತಿನ ತಟ್ಟೆಯನ್ನು ಮುಂದೆ ತಳ್ಳಿದ್ದ. ಫಾರಮಿನಲ್ಲಿ ವಯಸ್ಸಿನ ಚೌಕಗಳಲ್ಲಿ ಕಟ್ಟಕಡೆಯದು ಅವನದು. ಅದರಾಚೆ ಕಾಗದದ ಅಂಚು.

ಹನ್ನೊಂದು ಪ್ರಶ್ನೆಗಳಿಗೆ ಉತ್ತರ ಬರೆದಾಗಿತ್ತು. ಒಂಬತ್ತನೆಯದು ಖಾಲಿ. ಮನುಷ್ಯರ ದನಿ ಸಹಜವಾಗಿದೆಯೇ? ಇದೆ ಎಂದು ಗುರುತು ಹಾಕಿ ಮುಗಿಸಬಹುದಿತ್ತು. ಆದರೆ ಯಾವ ಮನುಷ್ಯರ ದನಿ? ಸಿನಿಮಾ ಹಾಡಿನ ದನಿಯನ್ನು ಎಷ್ಟು ಕೈ ತಿದ್ದಿರುತ್ತವೋ, ಅದರ ಸಹಜ ಯಾರಿಗೆ ಗೊತ್ತು. ಎದುರು ಕೂತು ಕೇಳಿದ ದನಿಯೊಂದು ಬೇಕು. ಅದೇ ದನಿ ಪೆಟ್ಟಿಗೆಯಿಂದ ಬಂದಾಗ ಹೋಲಿಸಬೇಕು. ಅಂಥದೊಂದು ಹಿಂದೆ ಅವನ ಬಳಿ ಇತ್ತು. ಅದು ನೆನಪಾದಾಗಲೆಲ್ಲ ಫಾರಂ ಮಡಚಿಟ್ಟು ನೀರು ಕುಡಿಯಲು ಏಳುತ್ತಿದ್ದ. ಇಪ್ಪತ್ತೈದು ವರ್ಷದ ಹಿಂದೆ ಆವತ್ತು ನೆತ್ತಿಯ ಮೇಲೆ ಫ್ಯಾನು ಬಿಸಿಗಾಳಿಯನ್ನೇ ಸುತ್ತುತ್ತಿತ್ತು, ಫ್ಯಾನಿನ ಸದ್ದು ಧ್ವನಿಮುದ್ರಣದಲ್ಲಿ ಸೇರುತ್ತದೆಂದು ಅದನ್ನೂ ಅವನೇ ಆರಿಸಿದ್ದ. ಆರ್.ಕೆ.ಪುರದ ಕ್ವಾರ್ಟರ್ಸು, ಎಂಬತ್ತನಾಲ್ಕರ ಮೇ ತಿಂಗಳು. ರೇಡಿಯೋದ ಧ್ವನಿಪರೀಕ್ಷೆಗೆ ಜಲಜಾಳಿಗೆ ಕರೆ ಬಂದಿತ್ತು. ವಚನ ಹಾಡುವುದರಲ್ಲಿ ಅವಳಿಗೆ ತವರು ಹರಿಹರದಿಂದಲೇ ಹೆಸರು. ದೆಹಲಿಯ ಕನ್ನಡದವರ ಸಂಘದಲ್ಲಿ ಅವಳು ಹಾಡಿದರೆ ಊಟದ ಪಂಕ್ತಿಗೆ ಎದ್ದವರು ಮತ್ತೆ ಕೂರುತ್ತಿದ್ದರು. ಹೋಗುವ ಮುಂಚೆ ಒಮ್ಮೆ ಪರೀಕ್ಷಿಸೋಣ ಎಂದವನು ಅವನೇ. ಆಫೀಸಿನ ಒಳ್ಳೆಯ ರೆಕಾರ್ಡರನ್ನು ಶನಿವಾರ ಮನೆಗೆ ತಂದ. ಶ್ರುತಿಪೆಟ್ಟಿಗೆ ಬೇಡ, ಬರೀ ದನಿ ಸಾಕು, ಇಲ್ಲದಿದ್ದರೆ ಅಳತೆ ಕಲಸಿಹೋಗುತ್ತದೆ ಎಂದ. ಅವಳು ಬೆವರು ಒರೆಸಿಕೊಳ್ಳುತ್ತ, ವರ್ಷದ ಮಗು ಅನನ್ಯಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡಿದಳು. ಎದುರಿಗೆ ಕೂತು ಕೇಳುವಾಗ ಅವನ ಕಣ್ಣು ತುಂಬಿತ್ತು. ಆದರೆ ಕಣ್ಣು ತುಂಬುವುದು ಅಳತೆಯಲ್ಲ. ಸೋಮವಾರ ರೆಕಾರ್ಡರನ್ನು ಹಿಂದಿರುಗಿಸಿದ. ಸಂಜೆ ಕ್ಯಾಸೆಟ್ಟನ್ನು ಮನೆಯ ಹಳೆಯ ಟೇಪಿನಲ್ಲಿ ಹಾಕಿ, ಒಂದೇ ಸ್ವರ ನುಡಿಯುವ ಆಫೀಸಿನ ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ಬಡಿದು ಬಡಿದು ಹೋಲಿಸಿ, ಎರಡನೆಯ ಚರಣದಿಂದ ದನಿ ಇಳಿಯುತ್ತಿರುವುದನ್ನು ಕಂಡುಹಿಡಿದ. ಎಷ್ಟು ಇಳಿಯುತ್ತದೆ ಎಂಬುದನ್ನೂ ಬರೆದ. ಪರೀಕ್ಷಾ ವರದಿಗಳಲ್ಲಿ ಬರೆಯುವಂತೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆದು ಅವಳ ಕೈಗೆ ಕೊಟ್ಟ. ಅವಳು ಟೇಪಿನ ಮುಂದೆ ಕೂತು ಅದೇ ಜಾಗವನ್ನು ಮೂರು ಸಲ ಕೇಳಿದಳು. ಹೌದು ರೀ, ಇಳಿಯುತ್ತೆ, ನನಗೆ ಗೊತ್ತೇ ಆಗ್ತಿರಲಿಲ್ಲ ನೋಡಿ ಎಂದಳು. ಆಮೇಲೆ ಮಗುವಿಗೆ ಹಾಲು ಕಾಯಿಸಲು ಹೋದಳು. ರೇಡಿಯೋದವರಿಗೆ ಬರುವುದಿಲ್ಲವೆಂದು ಕಾಗದ ಬರೆದಳು. ಮರುವಾರದಿಂದ ಪಾತ್ರೆ ತೊಳೆಯುವಾಗ ಗುನುಗುವುದನ್ನೂ ನಿಲ್ಲಿಸಿದಳು.

ಅಲ್ಲಿಗೇ ಮುಗಿದಿದ್ದರೆ ಅದೊಂದು ತಪ್ಪು, ಅಷ್ಟೆ. ತಪ್ಪು ಯಾರು ಮಾಡುವುದಿಲ್ಲ. ತಿಂಗಳು ಕಳೆದ ಮೇಲೆ ಊರಿನಿಂದ ಅವ್ವ ಕಾಗದದ ಬದಲು ತನ್ನ ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳಿಸಿದ್ದಳು. ಅದನ್ನು ಹಾಕಿ ಕೂತರೆ, ಮೊಮ್ಮಗಳಿಗೆ ಬೆಳ್ಳಿಯ ಹಾಲುಗಡಗ ಮಾಡಿಸಿದ ಸುದ್ದಿ ಹೇಳುತ್ತ ಹೇಳುತ್ತ ಅವ್ವನ ದನಿ ಗಂಡಸಿನ ದನಿಯಾಯಿತು. ದೇವೇಂದ್ರಪ್ಪ ಎದ್ದು ಟೇಪನ್ನು ಆರಿಸಿದ. ಟೇಪಿನ ಬೆನ್ನು ಬಿಚ್ಚಿ ನೋಡಿದ. ದೆಹಲಿಯ ಬಿಸಿಲಿಗೆ ಒಳಗಿನ ರಬ್ಬರ್ ಬೆಲ್ಟು ಹಿಗ್ಗಿ ಜೋತುಬಿದ್ದಿತ್ತು. ಸ್ವಲ್ಪ ಹೊತ್ತು ಓಡಿದ ಮೇಲೆ ಜಾರುತ್ತಿತ್ತು, ಜಾರಿದಾಗ ಕ್ಯಾಸೆಟ್ಟು ನಿಧಾನವಾಗುತ್ತಿತ್ತು, ನಿಧಾನವಾದರೆ ಯಾರ ದನಿಯಾದರೂ ಇಳಿಯಲೇಬೇಕು. ಹೊಸ ಬೆಲ್ಟು ತಂದು ಹಾಕಿ, ಜಲಜಾ ಹಾಲಿನ ಬೂತಿಗೆ ಹೋದ ಹೊತ್ತು ನೋಡಿ ಅವಳ ಕ್ಯಾಸೆಟ್ಟನ್ನು ಹಾಕಿದ. ದನಿ ಇಳಿಯಲಿಲ್ಲ. ಎಲ್ಲೂ ಇಳಿಯಲಿಲ್ಲ. ಉಪಕರಣಗಳನ್ನು ಮೊದಲು ಪರೀಕ್ಷಿಸಿ ಸರಿಯಿವೆಯೆಂದು ಖಚಿತಪಡಿಸಿಕೊಳ್ಳಲಾಗಿದೆ ಎಂದು ತಾನು ಬರೆದ ಪ್ರತಿ ವರದಿಯ ಮೊದಲ ಸಾಲಾಗಿ ಬರೆಯುತ್ತಿದ್ದ ಗಂಡಸು, ಮನೆಯ ಟೇಪನ್ನು ನಂಬಿ ಎದುರಿಗಿದ್ದ ಹೆಂಡತಿಯನ್ನು ಫೇಲು ಮಾಡಿದ್ದ. ಅವಳು ಹಾಲು ಹಿಡಿದು ಒಳಗೆ ಬಂದಾಗ ಹೇಳಬೇಕಿತ್ತು. ಬಾಯಿ ತೆರೆದಿದ್ದ ಕೂಡ. ಹಾಲು ಒಡೆದಿದೆ ಅನ್ನಿಸುತ್ತೆ ರೀ, ಮೂಸಿ ನೋಡಿ ಎಂದಳು. ಮೂಸಿ ನೋಡಿದ. ಒಡೆದಿರಲಿಲ್ಲ. ಅಷ್ಟರಲ್ಲಿ ಹೇಳುವ ಹೊತ್ತು ದಾಟಿಹೋಯಿತು, ಅಥವಾ ದಾಟಿತೆಂದು ಅವನು ತೀರ್ಮಾನ ಮಾಡಿಕೊಂಡ. ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಸಂಘದ ಕಾರ್ಯಕ್ರಮಗಳನ್ನು ಏರ್ಪಡಿಸುತ್ತಿದ್ದ ಈಶ್ವರಪ್ಪ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಮುಂಚೆ, ತಂಗಿ ಈ ಸಲವಾದರೂ ಹಾಡ್ತಾಳಾ ಎಂದು ಕೇಳುತ್ತಿದ್ದರು. ಮೊದಲ ಸಲ ಕೇಳಿದಾಗ ದೇವೇಂದ್ರಪ್ಪ, ಬೇಡಿ, ಅವಳ ಶ್ರುತಿ ನಿಲ್ಲೋಲ್ಲ ಎಂದಿದ್ದ. ಬೆಲ್ಟು ಬದಲಾಯಿಸಿ ನಾಲ್ಕು ತಿಂಗಳಾದ ಮೇಲೆ ಆಡಿದ ಮಾತು ಅದು. ಯಾಕೆ ಅಂದೆ ಎಂದು ಇಪ್ಪತ್ತೈದು ವರ್ಷ ತನ್ನನ್ನೇ ಕೇಳಿಕೊಂಡಿದ್ದಾನೆ. ತಾನು ತಪ್ಪಿದೆ ಅನ್ನುವುದಕ್ಕಿಂತ ಅವಳು ತಪ್ಪಿದಳು ಅನ್ನುವುದು ಸುಲಭವಾಗಿತ್ತು, ಬೇರೆ ಕಾರಣವಿಲ್ಲ. ಆಮೇಲೆ ಸಂಘದಲ್ಲಿ ಜಲಜಾ ಕೋಸಂಬರಿ ಬಡಿಸುವ ಕಡೆ ನಿಲ್ಲತೊಡಗಿದಳು.

ಪಪ್ಪಾ, ಏನ್ ಮಾಡ್ತಿದೀರಿ, ಅದನ್ನ ನಾಕ್ ಮಾಡ್ತಿದೀರಾ ಎಂದು ಅನನ್ಯಾ ಕಣ್ಣುಜ್ಜಿಕೊಳ್ಳುತ್ತ ಕೋಣೆಯಿಂದ ಬಂದಳು. ಶನಿವಾರ ಅವಳಿಗೆ ಹನ್ನೊಂದಕ್ಕೆ ಬೆಳಗು. ಶಾಲು ಹೊದ್ದು, ಮೊಬೈಲು ಕೈಯಲ್ಲಿ ಹಿಡಿದು, ಇವತ್ತೊಂದು ಸರ್‌ಪ್ರೈಸ್ ಇದೆ, ನೀವಿಬ್ಬರೂ ಬನ್ನಿ ಎಂದಳು. ದೀಪಾವಳಿಗೆ ಟ್ರಂಕು ಖಾಲಿ ಮಾಡುವಾಗ ಸಿಕ್ಕಿದ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅವಳು ಚೀಲದಲ್ಲಿ ಕೊಂಡುಹೋಗಿದ್ದು ಅವನಿಗೆ ಗೊತ್ತಿತ್ತು; ಎಸೆದಿರಬೇಕು ಎಂದುಕೊಂಡಿದ್ದ. ಎಸೆದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದ. ಎಸೆದಿರಲಿಲ್ಲ. ಆಫೀಸಿನಲ್ಲಿದ್ದ ಉತ್ತಮ ಟೇಪ್ ಡೆಕ್ಕಿನಿಂದ ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸಿ ಮೊಬೈಲಿಗೆ ಹಾಕಿಕೊಂಡು ಬಂದಿದ್ದಳು. ಒಂದು ಕ್ಯಾಸೆಟ್ ಮೇಲೆ ನಿಮ್ಮ ಹ್ಯಾಂಡ್‌ರೈಟಿಂಗಲ್ಲಿ ಬರೀ ಡೇಟ್ ಇತ್ತು ಪಪ್ಪಾ, ಮೇ ಎಂಬತ್ತನಾಲ್ಕು, ಕೌನ್ ಹೈ ಯೇ, ಇಷ್ಟು ಚೆನ್ನಾಗಿ ಹಾಡಿದ್ದಾರೆ ಎನ್ನುತ್ತಲೇ ಒತ್ತಿದಳು. ಬೇಡ ಎಂದು ಹೇಳಲು ಅವನಿಗೆ ಅರ್ಧ ಕ್ಷಣ ಇತ್ತು. ಅವನ ಜೀವನದಲ್ಲಿ ಇಂಥ ಅರ್ಧ ಕ್ಷಣಗಳಿಗೆ ಏನು ಕಡಿಮೆ.

ಮೊದಲು ಬಂದದ್ದು ಒಂದು ಉಸಿರು. ಹಾಡುವ ಮುಂಚೆ ಎದೆ ತುಂಬ ಎಳೆದುಕೊಂಡ ಉಸಿರು. ಅದು ಎಷ್ಟು ಹತ್ತಿರದಲ್ಲಿ ಕೇಳಿಸಿತೆಂದರೆ ದೇವೇಂದ್ರಪ್ಪ ಮೇಜಿನಿಂದ ಹಿಂದೆ ಸರಿದ. ಆಮೇಲೆ ದನಿ. ಮೂವತ್ತರ ಜಲಜಾ ಊಟದ ಮೇಜಿನ ಮೇಲೆ ಕೂತು ಹಾಡುತ್ತಿದ್ದಾಳೆ, ತೊಡೆಯ ಮೇಲಿನ ಮಗು ನಡುವೆ ಒಮ್ಮೆ ಮುಲುಕುತ್ತದೆ, ಬಳೆ ಸರಿಯುತ್ತದೆ, ಕಿಟಕಿಯಾಚೆ ಯಾರೋ ಸೈಕಲ್ಲಿನ ಗಂಟೆ ಹೊಡೆಯುತ್ತಾರೆ. ಸಹಜವೇ ಎಂದು ಕೇಳುತ್ತಾರೆ, ಮೂರ್ಖರು. ಗಂಟಲಿನ ತೇವವೂ ಕೇಳುತ್ತಿತ್ತು. ಜಲಜಾ ಬಾಗಿಲಲ್ಲಿ ಬಂದು ನಿಂತಿದ್ದಳು, ಕೈಯಲ್ಲಿ ಸೊಪ್ಪಿನ ಕಡ್ಡಿ. ಯಾರದ್ದು ಎಂದು ಕೇಳಲಿಲ್ಲ. ಅನನ್ಯಾ ಅಮ್ಮನ ಮುಖ ನೋಡಿ, ಮೊಬೈಲು ನೋಡಿ, ಅಮ್ಮಾ, ಯೇ ಆಪ್ ಹೋ ಎಂದು ಹಿಂದಿಗೆ ಜಾರಿದಳು. ಜಲಜಾ ಸುಮ್ಮನಿರು ಎಂಬಂತೆ ಕೈ ಎತ್ತಿದಳು. ಮೊದಲ ಚರಣ ಮುಗಿಯಿತು. ಅವಳು ಮೇಜಿನ ಹತ್ತಿರ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇಲ್ಲೇ ಅಲ್ವಾ ಇಳಿಯೋದು," ಎಂದಳು.

ಇಪ್ಪತ್ತೈದು ವರ್ಷ ಅವಳು ಆ ಜಾಗವನ್ನು ಮರೆತಿರಲಿಲ್ಲ. ಯಾವ ಅಕ್ಷರ, ಯಾವ ಎಳೆತ, ಎಲ್ಲ ನೆನಪಿತ್ತು. ಮೂವರೂ ಕಾದರು. ಎರಡನೆಯ ಚರಣ ಮೇಲಕ್ಕೆ ಹೋಯಿತು, ಅಲ್ಲಿ ನಿಂತಿತು, ನಿಂತೇ ಇತ್ತು, ನಿಂತಲ್ಲಿಂದ ನಿಧಾನವಾಗಿ ತಾನಾಗಿ ಮರಳಿ ಮೊದಲ ಸಾಲಿಗೆ ಸರಿಯಾಗಿ ಬಂದು ಕೂತಿತು. ಅವಳ ಬೆರಳುಗಳು ಕುರ್ಚಿಯ ಮೇಲೆ ಬಿಗಿಯಾಗುವುದನ್ನು ಅವನು ನೋಡಿದ. ಇಳಿಯಲಿಲ್ಲವಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಏನಮ್ಮಾ ಇಳಿಯಬೇಕಿತ್ತು ಎಂದು ಅನನ್ಯಾ ಕೇಳಿದ್ದಕ್ಕೆ, ನನಗೆ ಶ್ರುತಿ ನಿಲ್ಲುತ್ತಿರಲಿಲ್ಲ ಕಣೆ, ಅದಕ್ಕೇ ಬಿಟ್ಟೆ ಎಂದಳು, ಎಷ್ಟು ಸಾದಾ ಆಗಿ ಅಂದರೆ ಕಾಲು ಉಳುಕಿತ್ತು ಎನ್ನುವ ಹಾಗೆ. ಅನನ್ಯಾ, ಅಚ್ಛಾ, ಹಾಗಾದರೆ ಕಂಪ್ಯೂಟರಿಗೆ ಹಾಕಿದಾಗ ಸಾಫ್ಟ್‌ವೇರ್ ಕರೆಕ್ಟ್ ಮಾಡಿರಬೇಕು, ಅಥವಾ ಈ ಸ್ಪೀಕರೇ ಮಾಡುತ್ತೇನೋ, ಅಲ್ವಾ ಪಪ್ಪಾ, ನಿಮಗೆ ಗೊತ್ತಿರತ್ತೆ ಎಂದು ಅವನ ಕಡೆ ತಿರುಗಿದಳು.

ಜಲಜಾಳೂ ತಿರುಗಿದಳು. ಅವನಿಗೆ ಗೊತ್ತಿರುತ್ತದೆ. ಮನೆಯಲ್ಲಿ ಸದ್ದಿನ ವಿಷಯಕ್ಕೆ ಕೊನೆಯ ಮಾತು ಯಾವಾಗಲೂ ಅವನದೇ. ಹೌದು ಎಂದರೆ ಸಾಕಿತ್ತು. ಹೊಸ ಕಾಲದ ಯಂತ್ರ, ಏನೇನೋ ಮಾಡುತ್ತದೆ. ಅವಳು ನಕ್ಕು, ನೋಡಿ, ನಾನು ಹಾಡೋಕೆ ಈ ಡಬ್ಬಾನೇ ಬರಬೇಕಾಯ್ತು ಎನ್ನುತ್ತಾಳೆ, ಒಗ್ಗರಣೆಗೆ ಹೋಗುತ್ತಾಳೆ, ಮಗಳು ಫಾರಮಿನಲ್ಲಿ ಒಂದು ಹೊಗಳಿಕೆ ಸೇರಿಸುತ್ತಾಳೆ. ಅಯ್ಯಾ ದೇವೇಂದ್ರಪ್ಪಾ, ಎಂಥ ಸಲೀಸು. ಅವನ ನಾಲಿಗೆಯ ತುದಿಗೆ ಆ ಹೌದು ಬಂದೂ ಇತ್ತು. ಆದರೆ ಡಬ್ಬದಲ್ಲಿ ಆ ಹುಡುಗಿ ಇನ್ನೂ ಹಾಡುತ್ತಿದ್ದಳು, ಮೂರನೆಯ ಚರಣ, ಅಳತೆ ಮಾಡಲು ಗಂಡ ಎದುರು ಕೂತಿದ್ದಾನೆಂಬ ಭರವಸೆಯಲ್ಲಿ, ಯಾವ ಅನುಮಾನವೂ ಇಲ್ಲದೆ. ಅವಳ ಮುಂದೆ ಇನ್ನೊಮ್ಮೆ ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ. ಧೈರ್ಯವೇನೂ ಅಲ್ಲ ಅದು, ಸುಸ್ತು.

"ಇಲ್ಲ," ಎಂದ. "ಯಾವುದೂ ಸರಿ ಮಾಡಿಲ್ಲ. ನೀನು ಹಾಡಿದ್ದೇ ಹೀಗೆ. ನಮ್ಮ ಟೇಪಿನ ಬೆಲ್ಟ್ ಸಡಿಲ ಆಗಿತ್ತು ಜಲಜಾ. ಒಂದು ತಿಂಗಳಿಗೇ ನನಗೆ ಗೊತ್ತಾಯ್ತು. ಹೇಳಲಿಲ್ಲ."

ಅನನ್ಯಾ ಹಾಡು ನಿಲ್ಲಿಸಿದಳು. ನಿಲ್ಲಿಸಬಾರದಿತ್ತು, ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ ಉಳಿಯಿತು. ಈಶ್ವರಪ್ಪನವರಿಗೆ ತಾನು ಹೇಳಿದ್ದನ್ನೂ ಅವನು ಹೇಳಿಬಿಟ್ಟ, ಅರ್ಧ ಉಳಿಸಿಕೊಂಡರೆ ಮತ್ತೆ ಇಪ್ಪತ್ತೈದು ವರ್ಷ ಬೇಕಾದೀತು ಎಂದು. ಜಲಜಾ ಕುರ್ಚಿ ಎಳೆದು ಕೂತಳು. ಅಳುತ್ತಾಳೆಂದುಕೊಂಡ. ಅಳಲಿಲ್ಲ. ಸಿಟ್ಟು ಬಂದಿತ್ತು ಅವಳಿಗೆ, ಕಿವಿಯ ತುದಿ ಕೆಂಪಾಗುವಂಥ ಸಿಟ್ಟು. ಮದುವೆಯಾದ ಮೇಲೆ ಇಷ್ಟು ಸಿಟ್ಟನ್ನು ಅವನು ಅವಳ ಮುಖದಲ್ಲಿ ಕಂಡಿರಲಿಲ್ಲ. ಒಂದೊಂದಾಗಿ ಕೇಳಿದಳು. ಬೆಲ್ಟು ಯಾವಾಗ ಹಾಕಿದಿರಿ, ನಾನೆಲ್ಲಿದ್ದೆ, ಕೇಳಿದಾಗ ಪೂರ್ತಿ ಕೇಳಿದಿರಾ. ವಿಚಾರಣೆಯಲ್ಲಿ ನಿಂತ ಗುಮಾಸ್ತನ ಹಾಗೆ ಅವನು ಉತ್ತರ ಕೊಟ್ಟ. ಹಾಲು ಮೂಸಿ ನೋಡಿದ ದಿನ ಎಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಬಾತ್‌ರೂಮಲ್ಲೂ ಹಾಡಲಿಲ್ಲ ನಾನು, ಮಗೂಗೆ ಜೋಗುಳ ಕೂಡ ಹೇಳಲಿಲ್ಲ, ಅಪಶ್ರುತಿ ಅದರ ಕಿವಿಗೆ ಬೀಳಬಾರದು ಅಂತ ಎಂದಳು. ಅನನ್ಯಾ ಎದ್ದು ಹೋಗಿ ಅಮ್ಮನ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಳು. ತಂದೆಯ ಕಡೆ ನೋಡಲಿಲ್ಲ. ಅದು ಚುಚ್ಚಿತು. ಚುಚ್ಚಲಿ ಎಂದುಕೊಂಡ.

"ಈಶ್ವರಪ್ಪನವರಿಗೆ ಫೋನ್ ಮಾಡಿ," ಎಂದಳು ಜಲಜಾ. "ಈಗಲೇ. ನನ್ನ ಎದುರಿಗೆ ಹೇಳಿ."

ಈಶ್ವರಪ್ಪ ಈಗ ಘಾಜಿಯಾಬಾದಿನಲ್ಲಿ ಮಗನ ಮನೆಯಲ್ಲಿದ್ದರು. ಎಂಬತ್ತರ ಹತ್ತಿರ, ಕಿವಿ ಮಂದ. ಪಿಸುಗುಟ್ಟಿ ಮುಗಿಸೋಣವೆಂದಿದ್ದವನು ಪ್ರತಿಯೊಂದು ಮಾತನ್ನೂ ಮೂರು ಮೂರು ಸಲ ಕೂಗಬೇಕಾಯಿತು. ನನ್ನ ಟೇಪು ಕೆಟ್ಟಿತ್ತು, ಜಲಜಾಳ ಶ್ರುತಿ ಸರಿಯಿತ್ತು, ನಾನು ಸುಳ್ಳು ಹೇಳಿದ್ದೆ. ಮೂರನೆಯ ಸಲಕ್ಕೆ ಮೇಲಿನ ಮನೆಯ ಪಂಜಾಬಿ ಮುದುಕಿ ಕೆಮ್ಮುವುದನ್ನು ನಿಲ್ಲಿಸಿದಂತಾಯಿತು. ಕನ್ನಡ ಬಾರದಿದ್ದರೂ ಒಬ್ಬ ಗಂಡಸು ತಪ್ಪೊಪ್ಪಿಕೊಳ್ಳುವ ದನಿ ಯಾರಿಗೆ ತಿಳಿಯುವುದಿಲ್ಲ. ಆಮೇಲೆ ಈಶ್ವರಪ್ಪ, ತಂಗಿಗೆ ಫೋನ್ ಕೊಡಿ ಎಂದರು. ಜಲಜಾ ತೆಗೆದುಕೊಂಡು ಹೂಂ ಅಣ್ಣಾ, ಹೂಂ, ನೋಡೋಣ ಅಣ್ಣಾ, ಗಂಟಲು ಉಳಿದಿದೆಯೋ ಇಲ್ಲವೋ ಎಂದಳು. ಕೊನೆಗೆ ಒಮ್ಮೆ ನಕ್ಕಳು. ಆ ನಗುವಿನಲ್ಲಿ ದೇವೇಂದ್ರಪ್ಪನಿಗೆ ಪಾಲಿರಲಿಲ್ಲ, ಆದರೂ ಅವನ ಎದೆಗೆ ಅದರಿಂದ ಗಾಳಿ ಹೊಕ್ಕಿತು.

ಎರಡು ದಿನ ಅವಳು ಅವನ ಜೊತೆ ಊಟಕ್ಕೆ ಬನ್ನಿ ಎನ್ನುವುದನ್ನು ಬಿಟ್ಟರೆ ಬೇರೆ ಮಾತಾಡಲಿಲ್ಲ. ಆದರೆ ಡಬ್ಬವನ್ನು ಮಾತ್ರ ತನ್ನ ಹತ್ತಿರ ಎಳೆದುಕೊಂಡಳು. ಅನನ್ಯಾಳ ಹಳೆಯ ಮೊಬೈಲಿನಿಂದ ಹಾಡು ಕಳಿಸುವುದನ್ನು ಕಲಿತು, ತನ್ನದೇ ದನಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಅವನು ಹಾಯ್ದುಹೋದರೆ ನಿಲ್ಲಿಸುತ್ತಿದ್ದಳು, ಹೋದ ಮೇಲೆ ಮುಂದುವರಿಸುತ್ತಿದ್ದಳು. ಒಂಬತ್ತನೆಯ ಪ್ರಶ್ನೆಗೆ ಉತ್ತರವನ್ನು ಅವಳೇ ಹೇಳಿ ಮಗಳ ಕೈಯಲ್ಲಿ ಬರೆಸಿದಳು. ಏನು ಬರೆಸಿದಳೆಂದು ಇಬ್ಬರೂ ಅವನಿಗೆ ತೋರಿಸಲಿಲ್ಲ. ಮಂಗಳವಾರ ಮಗಳು ಆಫೀಸಿಗೆ ಹೊರಟಾಗ ಡಬ್ಬವೂ ಅವಳ ಕಾರಿನಲ್ಲಿ ಹೊರಟಿತು. ಅವನೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಸೀಟಿನ ಮೇಲಿಟ್ಟು ಬಂದ. ಊಟದ ಮೇಜು ಬೋಳು ಬೋಳಾಗಿ ಕಂಡಿತು. ಮುಗಿಯಿತು ಎಂದುಕೊಂಡ. ಹೇಳಿಯಾಯಿತು, ಕೇಳಿಯಾಯಿತು, ಇನ್ನು ಹೀಗೇ ಇಬ್ಬರೂ ಫ್ರಿಜ್ಜಿನ ಸದ್ದು ಕೇಳುತ್ತ ಇರುವುದು.

ಅವನು ಪೇಪರು ಹಿಡಿದು ಕೂತಿದ್ದಾಗ ಜಲಜಾ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಬಂದಳು. ನಡುಮನೆಯಲ್ಲಿ ಚಾಪೆ ಹಾಸಿದಳು. ನೀವು ಹೊರಗೆ ಹೋಗಿ ಎಂದಳು. ಎಲ್ಲಿಗೆ ಎಂದ. ಬಾಲ್ಕನಿಗೆ ಎಂದಳು.

"ನಾನೊಬ್ಬಳೇ ಹಾಡ್ಕೋಬೇಕು. ನೀವು ಕೇಳಬಾರದು. ನಾನು ಕರೆದಾಗ ಬನ್ನಿ."

ಅವನು ಎದ್ದು ಹೋದ. ಅವಳು ಗಾಜಿನ ಬಾಗಿಲನ್ನು ಎಳೆದು ಒಳಗಿನಿಂದ ಚಿಲಕ ಹಾಕಿಕೊಂಡಳು. ಮಫ್ಲರು ಒಳಗೇ ಉಳಿದಿತ್ತು. ಚಳಿ ಕಿವಿಯನ್ನು ಕಚ್ಚಿತು. ದಪ್ಪ ಗಾಜು, ದೂರದಲ್ಲಿ ಮೆಟ್ರೋ, ಕೆಳಗೆ ಕಾರುಗಳು. ಒಳಗೆ ಅವಳು ಚಾಪೆಯ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮುಚ್ಚಿದಳು. ಎದೆ ಉಬ್ಬಿತು. ಬಾಯಿ ತೆರೆಯಿತು. ನಿಲ್ಲಿಸಿದಳು, ಕೆಮ್ಮಿದಳು, ತಲೆಯಾಡಿಸಿ ಮತ್ತೆ ಶುರುಮಾಡಿದಳು. ಈ ಸಲ ನಿಲ್ಲಿಸಲಿಲ್ಲ. ಅವಳ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅವನಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಗಾಜಿಗೆ ಕಿವಿ ಹಚ್ಚಬಹುದಿತ್ತು. ಹಚ್ಚಲಿಲ್ಲ. ಅಷ್ಟರಲ್ಲಿ ಕೆಳಗೆ ತರಕಾರಿ ಗಾಡಿಯವನು ಮಟರ್, ಗೋಬಿ ಎಂದು ಗಂಟಲು ಹರಿಯುವಂತೆ ಕೂಗತೊಡಗಿದ. ದೇವೇಂದ್ರಪ್ಪ ಕಟಾಂಜನದ ಮೇಲೆ ಬಗ್ಗಿ, ಅವನು ತಲೆಯೆತ್ತುವ ತನಕ ಕೈಬೀಸಿ, ತುಟಿಯ ಮೇಲೆ ಬೆರಳಿಟ್ಟ. ಯಾರಿಗಾದರೂ ಹುಷಾರಿಲ್ಲವೇ ಬಾಬೂಜಿ ಎಂದು ಅವನು ಸನ್ನೆಯಲ್ಲೇ ಕೇಳಿದ. ಇಲ್ಲ ಭಯ್ಯಾ, ಹೆಂಡತಿ ಹಾಡುತ್ತಿದ್ದಾಳೆ ಎಂದ ದೇವೇಂದ್ರಪ್ಪ, ಮೂರನೆಯ ಅಂತಸ್ತಿನಿಂದ, ಪಿಸುಮಾತಿನಲ್ಲಿ.